ಸರೋವರದ ಕವಿ, ನಗರದ ಬಾಯಾರಿಕೆ

(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಸರೋವರ ಸೀಮೆ ಎಂಬ ಗುಡ್ಡಗಾಡು ಪ್ರದೇಶವಿದೆ. ಬೆಟ್ಟಗಳ ನಡುವಿನ ಉದ್ದನೆಯ ಸರೋವರಗಳು, ಕಲ್ಲು ಜೋಡಿಸಿ ಕಟ್ಟಿದ ಬೇಲಿಗಳು, ಕುರಿ ಸಾಕುವ ರೈತರು, ಧಾರಾಳ ಮಳೆ ಅಲ್ಲಿನ ವಿಶೇಷ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಾಹಿತ್ಯ ಮತ್ತು ಕಲೆಯ ಎರಡು ದೊಡ್ಡ ಆದರ್ಶಗಳು, ಅಂದರೆ ರಮ್ಯ ಪಂಥದ ಆದರ್ಶ ಮತ್ತು ವಿಕ್ಟೋರಿಯಾ ಯುಗದ ಆದರ್ಶ, ಪುಸ್ತಕದಿಂದ ಹೊರಬಂದು ಎದುರುಬದುರಾದದ್ದು ಇದೇ ಸೀಮೆಯಲ್ಲಿ.

ವಿಲಿಯಂ ವರ್ಡ್ಸ್‌ವರ್ತ್ 1770ರಲ್ಲಿ ಹುಟ್ಟಿದ್ದು ಈ ಸೀಮೆಯ ಅಂಚಿನ ಕಾಕರ್‌ಮೌತ್ ಎಂಬ ಊರಿನಲ್ಲಿ. 1798ರಲ್ಲಿ ಆತ ಗೆಳೆಯ ಕೋಲರಿಜ್‌ನೊಡನೆ ‘ಲಿರಿಕಲ್ ಬ್ಯಾಲಡ್ಸ್’ ಎಂಬ ಕವನ ಸಂಗ್ರಹವನ್ನು ಹೊರತಂದ. ಅದರ ಎರಡನೆಯ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ಹಳ್ಳಿಗಾಡಿನ ಸಾಮಾನ್ಯರ ಬಾಳೂ ಅವರಾಡುವ ಭಾಷೆಯೂ ಕಾವ್ಯಕ್ಕೆ ಯೋಗ್ಯವೆಂದು ವಾದಿಸಿದ. ಕಾವ್ಯಕ್ಕೆ ಆಡಂಬರದ ಪದಸಂಪತ್ತು ಬೇಕೆಂದು ನಂಬಿದ್ದ ಕಾಲದಲ್ಲಿ ಇದು ದಿಟ್ಟತನದ ಮಾತು. ಭಾವನೆಗೆ ಮನ್ನಣೆ, ವ್ಯಕ್ತಿಯ ಒಳಬಾಳಿಗೆ ಗೌರವ, ನಿಸರ್ಗವನ್ನು ಗುರುವೆಂದು ಕಾಣುವ ದೃಷ್ಟಿ ರಮ್ಯ ಪಂಥದ ಮುಖ್ಯ ಲಕ್ಷಣಗಳು. ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಪ್ರದರ್ಶಿಸಿದ ‘ದಿ ಹೇ ವೇನ್’ ಚಿತ್ರದಲ್ಲಿ ಹೊಳೆಗಿಳಿದ ಒಂದು ಸಾಧಾರಣ ರೈತಗಾಡಿಯೇ ಮಹಾಚಿತ್ರದ ವಸ್ತುವಾಯಿತು. ಈ ಧಾರೆಯನ್ನು ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಕನ್ನಡಕ್ಕೆ ಹರಿಸಿತು. ಮಲೆನಾಡಿನ ಕುವೆಂಪು ಅವರ ಕಾವ್ಯದಲ್ಲಿಯೂ ಅದರ ಪ್ರಭಾವವನ್ನು ಕಾಣಬಹುದು.

ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರವರೆಗೆ ನಡೆಯಿತು. ಅಷ್ಟರಲ್ಲಿ ಉಗಿಯಂತ್ರ, ಹತ್ತಿ ಗಿರಣಿ, ರೈಲು ಇವು ದೇಶದ ಮುಖವನ್ನೇ ಬದಲಿಸಿದ್ದವು. 1851ರ ಜನಗಣತಿಯ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಬೆಟ್ಟದ ಒಂಟಿ ದಾರಿಯಲ್ಲಿ ನಡೆಯುವ ಕವಿಯ ಅನುಭವವೊಂದೇ ಈ ಸಮಾಜಕ್ಕೆ ಸಾಕಾಗಲಿಲ್ಲ. ಸಾಹಿತ್ಯ ಕರ್ತವ್ಯವನ್ನು ನೆನಪಿಸಬೇಕು, ಸಮಾಜವನ್ನು ತಿದ್ದಬೇಕು ಎಂಬ ನಿರೀಕ್ಷೆ ಬೆಳೆಯಿತು. ಮ್ಯಾಂಚೆಸ್ಟರ್ ನಗರದಲ್ಲಿ ನೆಲೆಸಿದ್ದ ಎಲಿಜಬೆತ್ ಗ್ಯಾಸ್ಕೆಲ್ 1848ರ ‘ಮೇರಿ ಬಾರ್ಟನ್’ ಕಾದಂಬರಿಯಲ್ಲಿ ಗಿರಣಿ ಕಾರ್ಮಿಕರ ಹಸಿವನ್ನು ಬರೆದರು. ಡಿಕನ್ಸ್ 1854ರ ‘ಹಾರ್ಡ್ ಟೈಮ್ಸ್’ನಲ್ಲಿ ಹೊಗೆ ಮುಸುಕಿದ, ಬಣ್ಣದ ಕೊಳೆಯಿಂದ ನದಿ ಕೆಟ್ಟ ಕೈಗಾರಿಕಾ ಪಟ್ಟಣವನ್ನು ಚಿತ್ರಿಸಿದ. ಚಿತ್ರಕಲೆಯಲ್ಲಿಯೂ ಭಾವಾವೇಶಕ್ಕಿಂತ ಸೂಕ್ಷ್ಮ ವೀಕ್ಷಣೆಗೆ ಬೆಲೆ ಬಂದಿತು. ಮಿಲೇ ಎಂಬ ಚಿತ್ರಕಾರ ‘ಒಫೀಲಿಯಾ’ ಚಿತ್ರದ ಹಿನ್ನೆಲೆಯನ್ನು ಹೊಳೆಯ ದಂಡೆಯಲ್ಲೇ ಕುಳಿತು, ಗಿಡಗಳ ಜಾತಿ ಗುರುತಿಸಬಹುದಾದಷ್ಟು ನಿಖರವಾಗಿ ಬರೆದ.

ಆದರೆ ಎರಡು ಯುಗಗಳ ನಡುವೆ ಗೋಡೆ ಇತ್ತೆಂದು ಭಾವಿಸಲಾಗದು. ರಮ್ಯ ಪಂಥದ ಮಹಾ ಚಿತ್ರಕಾರ ಟರ್ನರ್ 1844ರಲ್ಲಿ ಮಳೆಯನ್ನು ಸೀಳಿ ಬರುವ ರೈಲನ್ನು ಬೆರಗಿನಿಂದ ಚಿತ್ರಿಸಿದ. ಅದರ ಮುಂದೆ, ಹಳಿಯ ಮೇಲೆ, ಪ್ರಾಣಭಯದಿಂದ ಓಡುವ ಒಂದು ಪುಟ್ಟ ಮೊಲವನ್ನೂ ಬರೆದ. ಅದೇ 1844ರಲ್ಲಿ ಕೆಂಡಲ್ ಪಟ್ಟಣದಿಂದ ವಿಂಡರ್‌ಮಿಯರ್ ಸರೋವರದ ಕಡೆಗೆ ರೈಲುಮಾರ್ಗದ ಯೋಜನೆ ಬಂದಾಗ, ಎಪ್ಪತ್ತನಾಲ್ಕರ ವರ್ಡ್ಸ್‌ವರ್ತ್ ಅದನ್ನು ವಿರೋಧಿಸಿ ಸುನೀತ ಬರೆದ. ಪತ್ರಿಕೆಗೂ ಪತ್ರಗಳನ್ನು ಬರೆದ. ಇಲ್ಲಿ ಒಂದು ಕಹಿಸತ್ಯವನ್ನು ಮರೆಮಾಚಬಾರದು. ಕಾರ್ಖಾನೆಯ ಕೆಲಸಗಾರರು ಗುಂಪಾಗಿ ಬಂದರೆ ಆ ಚೆಲುವನ್ನು ಸವಿಯಲಾರರು, ಅಂಥ ಅಭಿರುಚಿ ನಿಧಾನವಾಗಿ ಬೆಳೆಯಬೇಕಾದದ್ದು ಎಂಬುದೂ ಅವನ ವಾದವಾಗಿತ್ತು. ರೈತನ ನುಡಿಯನ್ನು ಕಾವ್ಯಕ್ಕೆ ತಂದವನೇ ಕಾರ್ಮಿಕನ ಕಣ್ಣನ್ನು ನಂಬಲಿಲ್ಲ. ಮಾರ್ಗ 1847ರಲ್ಲಿ ತೆರೆಯಿತು.

ಇನ್ನೂ ಕಠಿಣವಾದ ಪರೀಕ್ಷೆ ಮುಂದೆ ಬಂದಿತು. ಮ್ಯಾಂಚೆಸ್ಟರ್ ನಗರಾಡಳಿತವು ಇದೇ ಸೀಮೆಯ ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಕಟ್ಟಿ ನೀರೊಯ್ಯಲು ನಿರ್ಧರಿಸಿತು. ಪ್ರತಿರೋಧಕ್ಕೆ ಸಂಘವೇ ಹುಟ್ಟಿತು. ಆದರೂ 1879ರಲ್ಲಿ ಸಂಸತ್ತು ಯೋಜನೆಗೆ ಒಪ್ಪಿಗೆ ನೀಡಿತು. 1894ರಲ್ಲಿ ನೀರು ಸುಮಾರು 154 ಕಿಲೋಮೀಟರ್ ದೂರ, ಪಂಪಿನ ನೆರವಿಲ್ಲದೆ, ಇಳಿಜಾರಿನಲ್ಲೇ ಹರಿದು ನಗರ ಸೇರಿತು. ಸರೋವರದ ದಂಡೆಯ ಮನೆ, ಹೊಲಗಳು ಮುಳುಗಿದವು. ವಿರೋಧಿಸಿದವರ ದುಃಖ ನಿಜವಾದದ್ದು. ಕಾಲರಾ ಕಂಡಿದ್ದ ನಗರದ ಬಡವರ ಬಾಯಾರಿಕೆಯೂ ಅಷ್ಟೇ ನಿಜವಾದದ್ದು. ಒಂದು ಆದರ್ಶ ಬೆಟ್ಟದ ಪರವಾಗಿ, ಇನ್ನೊಂದು ಲೋಕೋಪಯೋಗದ ಪರವಾಗಿ ಮಾತನಾಡಿತು. ಎರಡನ್ನೂ ಒಟ್ಟಿಗೆ ಆಲಿಸುವ ವ್ಯವಸ್ಥೆ ಮಾತ್ರ ದುರ್ಬಲವಾಗಿತ್ತು.

ಆ ಕೊರತೆಯನ್ನು ತುಂಬಲು ಹೊರಟವರು ಮೂವರು. ಲಂಡನ್ನಿನ ಬಡವರಿಗೆ ಯೋಗ್ಯ ವಸತಿ ಒದಗಿಸಲು ದುಡಿದ ಆಕ್ಟೇವಿಯಾ ಹಿಲ್, ಸಾರ್ವಜನಿಕ ಗೋಮಾಳಗಳ ಉಳಿವಿಗೆ ಹೋರಾಡಿದ ವಕೀಲ ರಾಬರ್ಟ್ ಹಂಟರ್, ಸರೋವರ ಸೀಮೆಯ ಪಾದ್ರಿ ರಾನ್ಸ್‌ಲಿ. ಇವರು 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ನಿಸರ್ಗಪ್ರೀತಿ ರಮ್ಯ ಪಂಥದಿಂದ ಬಂದದ್ದು. ಕಾನೂನು, ಚಂದಾ, ಸಂಘಟನೆಯ ಶಿಸ್ತು ವಿಕ್ಟೋರಿಯಾ ಯುಗದ್ದು. ಬಡವನಿಗೆ ನೀರು, ಸೂರುಗಳಂತೆ ತೆರೆದ ಬಯಲೂ ಬೇಕೆಂಬುದು ಹಿಲ್ ಅವರ ನಿಲುವು. 1902ರಲ್ಲಿ ಡರ್ವೆಂಟ್‌ವಾಟರ್ ಸರೋವರದ ದಂಡೆಯ ಬ್ರ್ಯಾಂಡಲ್‌ಹೌ ಎಂಬ ಕಾಡುಭೂಮಿಯನ್ನು ಸಾರ್ವಜನಿಕರ ದೇಣಿಗೆಯಿಂದ ಕೊಂಡಾಗ, ಕೈಗಾರಿಕಾ ಪಟ್ಟಣಗಳ ಕೆಲಸಗಾರರೂ ತಮ್ಮ ಸಣ್ಣ ಮೊತ್ತಗಳನ್ನು ಕಳುಹಿಸಿದರು. ಕವಿಯ ಸಂಶಯಕ್ಕೆ ಅವರಿತ್ತ ಉತ್ತರವಿದು.

ಶರಾವತಿಯ ನೀರನ್ನು ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ 2019ರಲ್ಲಿ ಮಲೆನಾಡು ದನಿಯೆತ್ತಿತು. ಥರ್ಲ್‌ಮಿಯರ್‌ನ ಕಥೆ ಅಂಥ ದನಿಗೆ ಎರಡು ಪಾಠಗಳನ್ನು ಹೇಳುತ್ತದೆ. ಕಾಡಿನ ಚೆಲುವನ್ನು ಹಾಡಿದರಷ್ಟೇ ಸಾಲದು. ನೀರಿನ ಲೆಕ್ಕ, ಕಾನೂನಿನ ತಿಳಿವಳಿಕೆ, ಪರ್ಯಾಯದ ಚಿಂತನೆ ಬೇಕು. ಬಯಲುಸೀಮೆಯ ಬಡವರನ್ನೂ ನಗರದ ಕೂಲಿಕಾರರನ್ನೂ ಶತ್ರುಗಳೆಂದು ಎಣಿಸದೆ, ಬೆಟ್ಟದ ಬಂಧುಗಳಾಗಿ ಕರೆಯಬೇಕು. ವಿದ್ಯಾರ್ಥಿಗಳು ಕಾವ್ಯವನ್ನೂ ಓದಲಿ, ಊರಿನ ಹಳ್ಳದ ಹರಿವನ್ನೂ ಅಳೆದು ಬರೆದಿಡಲಿ.