ಗಟ್ಟಿಯಾಗದ ಸಾಬೂನು



ಬೀದರ, ಭಾಲ್ಕಿ, ಔರಾದ ಸೀಮೆಯ ಹೊಲಗಳಲ್ಲಿ ಕುಸುಬೆಯೂ ಸೋಯಾಬೀನೂ ಬೆಳೆಯುತ್ತವೆ. ಈ ಎಣ್ಣೆಗಳಿಂದಲೇ ಮನೆಯಲ್ಲಿ ಮಾಡಿದ ಸಾಬೂನು ಮೆತ್ತಗುಳಿದರೆ ಅದು ಮಾಡಿದವರ ಕೈದೋಷವಲ್ಲ. ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವೇ ಶೇ. 70ಕ್ಕೂ ಅಧಿಕ, ಅದರ ಸಾಬೂನು ಸ್ವಭಾವತಃ ಮೃದು.

ಗಟ್ಟಿಯಾಗಲೆಂದು ಕಾಸ್ಟಿಕ್ ಸೋಡಾ ಹೆಚ್ಚಿಸುವುದು ಅಪಾಯಕರ. ಒಂದು ಕಿಲೋ ಕುಸುಬೆ ಎಣ್ಣೆಗೆ ಸುಮಾರು 130 ಗ್ರಾಂ ಸೋಡಾ ಸಾಕು, ಕೊಬ್ಬರಿ ಎಣ್ಣೆಗೆ ಸುಮಾರು 174 ಗ್ರಾಂ. ಮಿತಿಮೀರಿದರೆ ಉಳಿದ ಕ್ಷಾರವು ಚರ್ಮವನ್ನು ಸುಡುತ್ತದೆ.

ಆದ್ದರಿಂದ ಕುಸುಬೆಯ ಪಾಲನ್ನು ಐದರಲ್ಲೊಂದಕ್ಕೆ ಇಳಿಸಿ, ಕೊಬ್ಬರಿ ಮತ್ತು ಹಿಪ್ಪೆ ಎಣ್ಣೆಗಳನ್ನು ಬೆರೆಸಬೇಕು. ಪ್ರತಿ ಎಣ್ಣೆಗೂ ಬೇಕಾದ ಸೋಡಾವನ್ನು ಬೇರೆಬೇರೆಯಾಗಿ ಲೆಕ್ಕಹಾಕಿ ತೂಗಬೇಕು. ನೀರು ಸೋಡಾದ ತೂಕದ ಎರಡು ಪಟ್ಟು ಸಾಕು. ಬಿಲ್ಲೆಗಳು ನೆರಳಿನಲ್ಲಿ, ಗಾಳಿಯಾಡುವಲ್ಲಿ 4ರಿಂದ 6 ವಾರ ಒಣಗಲಿ.

ಗಟ್ಟಿತನವು ಎಣ್ಣೆಯ ಆಯ್ಕೆಯಿಂದ, ತಾಳ್ಮೆಯಿಂದ ಬರಬೇಕು, ಕ್ಷಾರದಿಂದಲ್ಲ.