ಕಂದು ಹಾಕಿದ ಹಸು: ಕಾರಣ ಎಲ್ಲಿ ಸಿಗುತ್ತದೆ?

ಈಚೆಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಒಂದೇ ಅಳಲು. "ಆರು ತಿಂಗಳ ಗಬ್ಬ, ಹಸು ಕಂದು ಹಾಕಿತು. ರಕ್ತ ಪರೀಕ್ಷೆ ಮಾಡಿಸಿದೆವು, ಕಂದುರೋಗ ಇಲ್ಲ ಅಂದರು. ಮತ್ತೆ ಯಾಕೆ ಹೀಗಾಯಿತು?"

ಕಂದುರೋಗದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಹೆಣ್ಣುಗರುಗಳಿಗೆ ಲಸಿಕೆ ಹಾಕಿಸುತ್ತಲೇ ಇದ್ದೀರಿ. ಆದರೆ ಅದಲ್ಲ ಎಂದು ಗೊತ್ತಾದ ಕೂಡಲೇ ದೃಷ್ಟಿ ತಾಗಿತು, ಉಷ್ಣವಾಯಿತು ಅಂದು ಸುಮ್ಮನಾಗುತ್ತೀರಲ್ಲ, ಅದನ್ನು ನಾನು ಒಪ್ಪಲಾರೆ. ಐದು-ಆರನೇ ತಿಂಗಳಲ್ಲಿ ಗಬ್ಬ ಹೋದರೆ ನಿಯೋಸ್ಪೋರಾ ಎಂಬ ಪರಾವಲಂಬಿಯನ್ನು ಅನುಮಾನಿಸಲೇಬೇಕು. ಕಣ್ಣಿಗೆ ಕಾಣದ ಏಕಕೋಶ ಜೀವಿ. ಇದಕ್ಕೆ ಹೆಸರು ಬಿದ್ದದ್ದೇ 1988ರಲ್ಲಿ. ನಾಯಿಯ ಮಲದಲ್ಲಿ ಇದರ ತತ್ತಿ ಹೊರಬೀಳುತ್ತದೆಂದು ಖಚಿತವಾದದ್ದು 1998ರಲ್ಲಿ.

ಸೋಂಕಿರುವ ಮಾಸನ್ನೋ ಸತ್ತ ಕರುವನ್ನೋ ನಾಯಿ ತಿನ್ನುತ್ತದೆ. ಮುಂದೆ ಅದರ ಮಲದಿಂದ ತತ್ತಿಗಳು ಮೇವು, ನೀರಿನ ತೊಟ್ಟಿ ಸೇರಿ ಹಸುವಿನ ಹೊಟ್ಟೆಗೆ ಹೋಗುತ್ತವೆ. ಅಲ್ಲಿಂದ ಪರಾವಲಂಬಿ ಮಿದುಳಿಗೆ, ಮಾಂಸಖಂಡಗಳಿಗೆ ಹೋಗಿ ವರ್ಷಗಟ್ಟಲೆ ಅಡಗಿರುತ್ತದೆ. ಹಸುವಿಗೆ ಜ್ವರವಿಲ್ಲ, ಮೇವು ಬಿಡುವುದಿಲ್ಲ. ಗಬ್ಬದ ನಡುಗಾಲದಲ್ಲಿ ಮೈಯ ಪ್ರತಿರೋಧ ಸಡಿಲವಾದಾಗ ಮತ್ತೆ ಎಚ್ಚೆತ್ತು, ಮಾಸನ್ನು ದಾಟಿ ಕರುವಿನ ಮೇಲೆ ಬೀಳುತ್ತದೆ.

ಇನ್ನೊಂದು ದಾರಿಯಿದೆ. ಸೋಂಕಿರುವ ಹಸು ಪ್ರತಿಸಲವೂ ಕಂದು ಹಾಕುವುದಿಲ್ಲ. ಬಹಳ ಸಲ ಕರು ನೆಟ್ಟಗೇ ಹುಟ್ಟುತ್ತದೆ, ಚೆಂಗನೆ ಓಡಾಡುತ್ತದೆ. ಆದರೆ ಹುಟ್ಟುವಾಗಲೇ ಸೋಂಕನ್ನು ಹೊತ್ತು ತಂದಿರುತ್ತದೆ. ಆ ಕರು ಬೆಳೆದು ಕಡಸಾಗಿ ಗಬ್ಬ ಕಟ್ಟಿದಾಗ ತನ್ನ ಕರುವಿಗೂ ದಾಟಿಸುತ್ತದೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ನಾಯಿಯೇ ಸುಳಿಯದ ಕೊಟ್ಟಿಗೆಯಲ್ಲೂ ಇದು ಹೀಗೆ ಮುಂದುವರಿಯುತ್ತದೆ. ಬೇರುಸಮೇತ ಕೀಳುವ ಔಷಧ ಇದಕ್ಕಿಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. ಆದ್ದರಿಂದ ಕಂದು ಹಾಕಿದ ಹಸುವಿನ ತಾಯಿ ಯಾವುದು, ಅಕ್ಕತಂಗಿಯರು ಯಾವುವು ಎಂದು ನಾನು ಕೇಳಿದರೆ ದಯವಿಟ್ಟು ಬೇಸರಪಡಬೇಡಿ.

ಇನ್ನು ಪತ್ತೆಯ ಮಾತು. ಹಸುವಿನ ರಕ್ತದಲ್ಲಿ ಪ್ರತಿಕಾಯ ಕಂಡರೆ ಅದಕ್ಕೆ ಸೋಂಕು ತಗುಲಿದೆ ಎಂದಷ್ಟೇ ಅರ್ಥ. ಈ ಗಬ್ಬ ಹೋದದ್ದು ಅದರಿಂದಲೇ ಎಂದು ಹೇಳಲಾಗದು. ಆದ್ದರಿಂದ ಕಂದು ಹಾಕದ ಹಸುಗಳ ರಕ್ತವನ್ನೂ ಜೊತೆಗೆ ಪರೀಕ್ಷಿಸಿ ಹೋಲಿಸಬೇಕು. ಗಟ್ಟಿ ಸಾಕ್ಷಿ ಸಿಗುವುದು ಬಿದ್ದ ಕಂದಿನಲ್ಲೇ, ಅದರಲ್ಲೂ ಮಿದುಳಿನಲ್ಲಿ. ಆಮೇಲೆ ಹೃದಯ, ಯಕೃತ್ತು. ಆದರೆ ನಾವು ಹೋಗಿ ಮುಟ್ಟುವಷ್ಟರಲ್ಲಿ ಅದು ತಿಪ್ಪೆ ಸೇರಿರುತ್ತದೆ, ನಾಯಿಗಳು ಎಳೆದಾಡಿರುತ್ತವೆ. "ಕೊಳೆತುಹೋಗಿತ್ತು ಸಾರ್, ಅದರಲ್ಲೇನು ಸಿಗುತ್ತೆ?" ಅನ್ನುತ್ತಾರೆ. ಸಿಗುತ್ತದೆ! ಕೊಳೆತ ಕಂದಿನ ಮಿದುಳಿನಲ್ಲೂ ಪಿಸಿಆರ್ ಪರೀಕ್ಷೆಯಿಂದ ಇದರ ಸುಳಿವು ಸಿಗಬಲ್ಲದು. ಎಸೆಯಬೇಡಿ. ಮಾಸನ್ನು ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಹಿರಿಯರಿಂದ ಬಂದದ್ದು, ಬಲ್ಲೆ. ಅದು ಕಳಚಿ ಬಿದ್ದರೆ ಕೆಳಗೆ ಕಾಯುತ್ತಿರುವುದು ನಾಯಿಯೇ. ಪರೀಕ್ಷೆಗೆ ಕೊಟ್ಟು ಉಳಿದದ್ದನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

ಪರೀಕ್ಷೆಗೆ ಕಳಿಸುವ ಬಗೆ ಹೇಳುತ್ತೇನೆ. ಕಂದು, ಮಾಸು ಎರಡನ್ನೂ ಕೈಗವಸು ಹಾಕಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಿಗೆ ತಲುಪಿಸಿ. ಫ್ರೀಜರಿನಲ್ಲಿಡಬೇಡಿ; ಹೆಪ್ಪುಗಟ್ಟಿದ ಅಂಗಾಂಶ ಒಡೆದುಹೋಗಿ ಸೂಕ್ಷ್ಮದರ್ಶಕದಲ್ಲಿ ಸರಿಯಾಗಿ ಕಾಣುವುದಿಲ್ಲ. ಪ್ರಯೋಗಾಲಯದ ಕೋರಿಕೆ ಪತ್ರದಲ್ಲಿ ಕಂದುರೋಗದ ಜೊತೆ ನಿಯೋಸ್ಪೋರಾ ಎಂದೂ ಬರೆಸಿ, ಬರೆಯದಿದ್ದರೆ ಅದನ್ನು ನೋಡದೇ ಬಿಡಬಹುದು.

ಊರ ಹೋರಿಗೆ ಬಿಟ್ಟ ಹಸುಗಳು ಗಬ್ಬ ನಿಲ್ಲದೆ ಹೊತ್ತಲ್ಲದ ಹೊತ್ತಿನಲ್ಲಿ ಬೆದೆಗೆ ಬರುತ್ತಿದ್ದರೆ ಟ್ರೈಕೊಮೊನಾಸ್ ಎಂಬ ಇನ್ನೊಂದು ಪರಾವಲಂಬಿ ಇರಬಹುದು. ಆಗ ಪರೀಕ್ಷೆ ಆಗಬೇಕಾದದ್ದು ಹೋರಿಗೆ, ಅದರ ಮುಂದೊಗಲು ತೊಳೆದ ದ್ರವದಲ್ಲಿ. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ನೋಡಬೇಕು, ಒಂದೇ ಸಲಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತದೆ.

ಕುರಿ-ಮೇಕೆಗಳಲ್ಲಿ ಬೆಕ್ಕಿನಿಂದ ಬರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೀಗೆಯೇ ಕಂದು ಹಾಕಿಸುತ್ತದೆ, ಮತ್ತು ಅದು ಮನುಷ್ಯರಿಗೂ ಅಂಟುತ್ತದೆ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಕುರಿ-ಮೇಕೆಯ ಹೆರಿಗೆಗೆ, ಬಿದ್ದ ಕಂದನ್ನು ಎತ್ತುವುದಕ್ಕೆ ಅವರನ್ನು ಹತ್ತಿರ ಬಿಡಬೇಡಿ.