ಅಪರೂಪದ ಕಾಯಿಲೆಯ ಮಗು ಮತ್ತು ನಮ್ಮ ಜವಾಬ್ದಾರಿ
(ಜುಮಾ ಖುತ್ಬಾದ ಸಾರಾಂಶ, ಚಾಮರಾಜಪೇಟೆ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೆ ಶಾಂತಿ, ಅನುಗ್ರಹವಿರಲಿ.

ಪ್ರಿಯ ಸಹೋದರರೇ, ಇಂದು ನಾನು ಮಾತನಾಡುವುದು ಒಂದು ಕಾಯಿಲೆಯ ಬಗ್ಗೆ. ಅದರ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಚಿಕ್ಕದಾಗಿ ಎಸ್‌ಎಂಎ. ಹುಟ್ಟುವ ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ಕಾಯಿಲೆ ಇದು. ಮಸೀದಿಯಲ್ಲಿ ಇದರ ಮಾತೇಕೆ ಎಂದು ಕೇಳಬಹುದು. ಈ ಕಾಯಿಲೆ ಒಂದು ಮನೆಗೆ ಬಂದಾಗ ಆ ಮನೆಯವರು ನೋಯುವುದು ಕಾಯಿಲೆಯಿಂದ ಮಾತ್ರವಲ್ಲ, ನಮ್ಮ ನಾಲಿಗೆಗಳಿಂದಲೂ. ಅದಕ್ಕಾಗಿ.

ಮೊದಲು ಕಾಯಿಲೆಯನ್ನು ತಿಳಿಯೋಣ. ಮೆದುಳಿನ ಆಜ್ಞೆಯನ್ನು ಸ್ನಾಯುಗಳಿಗೆ ತಲುಪಿಸುವ ನರಕೋಶಗಳು ಬೆನ್ನುಹುರಿಯಲ್ಲಿವೆ. ಅವು ಬದುಕಿರಲು ಒಂದು ಪ್ರೋಟೀನ್ ಬೇಕು. ಅದನ್ನು ತಯಾರಿಸುವ ಜೀನ್‌ನ ಹೆಸರು ಎಸ್‌ಎಂಎನ್1. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1995ರಲ್ಲಿ. ಈ ಜೀನ್ ಇಲ್ಲವಾದರೆ ಅಥವಾ ಕೆಟ್ಟಿದ್ದರೆ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ಸ್ನಾಯುಗಳು ಸೊರಗುತ್ತವೆ. ಮಗುವಿನ ಕತ್ತು ನಿಲ್ಲುವುದಿಲ್ಲ, ಕಾಲು ಒದೆಯುವುದಿಲ್ಲ, ಅಳು ಸಣ್ಣಗಾಗುತ್ತದೆ, ಹಾಲು ಕುಡಿಯಲು ಮತ್ತು ಉಸಿರಾಡಲು ಕಷ್ಟವಾಗುತ್ತದೆ. ತೀವ್ರ ಬಗೆಯಲ್ಲಿ ಆರು ತಿಂಗಳೊಳಗೇ ಇದು ಕಾಣಿಸುತ್ತದೆ. ಕೆಲವು ಮಕ್ಕಳಲ್ಲಿ ಕೂರುವ ಅಥವಾ ನಡೆಯುವ ವಯಸ್ಸಿನಲ್ಲಿ ತಿಳಿಯುತ್ತದೆ. ಆದರೆ ಬುದ್ಧಿಗೆ ಏನೂ ಆಗಿರುವುದಿಲ್ಲ. ಆ ಮಗು ಅಮ್ಮಿಯನ್ನು ನೋಡಿ ನಗುತ್ತದೆ, ನಾವು ಪಿಸುಗುಟ್ಟಿದ್ದೆಲ್ಲ ಅದಕ್ಕೆ ಅರ್ಥವಾಗುತ್ತದೆ.

ಇನ್ನು, ಇದು ಯಾರ ತಪ್ಪು? ಅನೇಕ ಮನೆಗಳಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಸೊಸೆಯ ತಪ್ಪು. ಗ್ರಹಣದಲ್ಲಿ ಹೊರಗೆ ಬಂದಳು, ಅವಳ ತವರಿನ ರಕ್ತವೇ ಸರಿಯಿಲ್ಲ, ಯಾರದೋ ನಜರ್ ಬಿತ್ತು. ಸಹೋದರರೇ, ಲೆಕ್ಕ ಕೇಳಿ. ಪ್ರತಿಯೊಬ್ಬರಿಗೂ ಈ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುವುದರಿಂದ ಆ ವ್ಯಕ್ತಿ ಪೂರ್ಣ ಆರೋಗ್ಯವಾಗಿರುತ್ತಾನೆ. ಸುಮಾರು ಐವತ್ತು ಜನರಲ್ಲಿ ಒಬ್ಬರು ಹೀಗೆ ತಮಗೆ ಗೊತ್ತಿಲ್ಲದೆಯೇ ಇದನ್ನು ಹೊತ್ತಿರುತ್ತಾರೆ. ಈ ಮಸೀದಿಯ ಸಾಲುಗಳಲ್ಲೂ ಅಂಥವರು ಇರಬಹುದು, ನಾನೂ ಅವರಲ್ಲಿ ಒಬ್ಬನಿರಬಹುದು. ತಂದೆ-ತಾಯಿ ಇಬ್ಬರೂ ಅಂಥವರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ತಾಯಿಯದು ಅರ್ಧ, ತಂದೆಯದು ಅರ್ಧ. ಹಾಗಿರುವಾಗ ದೂರನ್ನು ಅವಳೊಬ್ಬಳ ತಲೆಗೆ ಕಟ್ಟುವುದು ಯಾವ ನ್ಯಾಯ? ಅಪಶಕುನದ ನಂಬಿಕೆಯನ್ನು ಪ್ರವಾದಿ(ಸ)ರು ತಳ್ಳಿಹಾಕಿದ್ದಾರೆ. ತಪ್ಪು ಮಾಡದವಳ ಮೇಲೆ ಆರೋಪ ಹೊರಿಸುವುದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾಗುತ್ತದೆ.

ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು, ಮಾಮು-ಫೂಫಿಯ ಮಕ್ಕಳ ನಡುವೆ ನಿಕಾಹ್ ಆದರೆ, ಒಬ್ಬ ಅಜ್ಜನಲ್ಲಿದ್ದ ಜೀನ್ ಎರಡೂ ಕಡೆಯಿಂದ ಒಂದೇ ಮಗುವಿಗೆ ತಲುಪುವ ಸಾಧ್ಯತೆ ಹೆಚ್ಚು. ಇಂಥ ಮದುವೆ ನಮ್ಮಲ್ಲಿ ಜಾಯಿಜ್, ಆದರೆ ಕಡ್ಡಾಯವೇನಲ್ಲ. ಕುಟುಂಬದಲ್ಲಿ ಇಂಥ ಮಗು ಹುಟ್ಟಿದ್ದರೆ ಮದುವೆಯ ಮಾತಿಗೆ ಮುನ್ನ ರಕ್ತ ಪರೀಕ್ಷೆ ಮಾಡಿಸಿ. ಮುಂದಿನ ಮಗುವಿನ ಬಗ್ಗೆ ಗರ್ಭ ನಿಲ್ಲುವ ಮೊದಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ. ತಡವಾಗಿ ಬಂದು ಕೇಳಿದರೆ ವೈದ್ಯರಿಗೂ ಮುಫ್ತಿಗಳಿಗೂ ದಾರಿ ಕಿರಿದಾಗುತ್ತದೆ.

ತವಕ್ಕುಲ್ ಎಂದರೆ ಸುಮ್ಮನೆ ಕೂರುವುದಲ್ಲ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರು ತಮ್ಮ ಸಂಗಾತಿಗಳಿಗೆ ಹೇಳಿದ್ದಾರೆ. ಕುರ್‌ಆನ್ ಓದಿ ಊದಿರಿ, ದುಆ ಮಾಡಿರಿ. ಆದರೆ ಸತ್ತ ನರಕೋಶ ಮರಳಿ ಬರುವುದಿಲ್ಲ. ಆಮಿಲರ ಹಿಂದೆ, ತಾವೀಜಿನ ಹಿಂದೆ ಅಲೆದು ಕಳೆದ ಮೂರು ತಿಂಗಳು ಮಗುವಿನ ಪಾಲಿಗೆ ದೊಡ್ಡ ನಷ್ಟ. 2016ರವರೆಗೆ ಈ ಕಾಯಿಲೆಗೆ ಔಷಧವೇ ಇರಲಿಲ್ಲ. ಅಲ್ಲಾಹನ ಕೃಪೆಯಿಂದ ಈಗ ಮೂರು ಬಗೆಯ ಔಷಧಗಳಿವೆ, ಅವುಗಳಲ್ಲಿ ಒಂದನ್ನು ಮನೆಯಲ್ಲೇ ಬಾಯಿಗೆ ಹಾಕಬಹುದು. ಎಷ್ಟು ಬೇಗ ಶುರುವಾದರೆ ಅಷ್ಟು ಪ್ರಯೋಜನ.

ನಾವು ಬೆಂಗಳೂರಿನಲ್ಲಿದ್ದೇವೆ, ಇದೂ ಒಂದು ನಿಅಮತ್. ನಿಮ್ಹಾನ್ಸ್ ಹಾಗೂ ಅದರ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇಲ್ಲಿಂದ ದೂರವೇನಲ್ಲ. ಕೇಂದ್ರ ಸರಕಾರದ 2021ರ ಅಪರೂಪದ ರೋಗಗಳ ನೀತಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಈ ಮಕ್ಕಳ ಆಸ್ಪತ್ರೆಯನ್ನು ಒಟ್ಟಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. 2022ರ ತಿದ್ದುಪಡಿಯಂತೆ ಇಂಥ ಕೇಂದ್ರದ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಲು ಅವಕಾಶವಿದೆ. ಒಂದು ಚುಚ್ಚುಮದ್ದಿಗೇ ಹಲವು ಕೋಟಿ ಬೆಲೆ ಇರುವಾಗ ಇದು ಸಾಲದು, ನಿಜ. ಆದರೂ ಅರ್ಜಿ ಹಾಕದೆ ಬಿಡಬೇಡಿ. ಅಂಗವಿಕಲರ ಯುಡಿಐಡಿ ಕಾರ್ಡನ್ನೂ ಮಾಡಿಸಿಕೊಳ್ಳಿ. ಪೋಷಕರೇ ಕಟ್ಟಿದ ಕ್ಯೂರ್ ಎಸ್‌ಎಂಎ ಫೌಂಡೇಷನ್ ಆಫ್ ಇಂಡಿಯಾ ಇದೆ. ನಮ್ಮ ಊರಿನಲ್ಲೇ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಇದೆ. ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ತಾಯಿ ಹೇಳುವ ಮಾತಿನಲ್ಲಿ ಬರುವ ಧೈರ್ಯ ನನ್ನ ಬಯಾನಿನಲ್ಲೂ ಬರಲಾರದು.

ಕೊನೆಗೆ, ನಮ್ಮ ಪಾಲಿನ ಕೆಲಸ. ಸಬರ್ ಮಾಡಿ ಎಂದು ಹೇಳಿ ಎದ್ದು ಬರುವುದು ಸುಲಭ. ಆ ತಾಯಿ ರಾತ್ರಿ ನಾಲ್ಕೈದು ಸಲ ಎದ್ದು ಮಗುವಿನ ಮಗ್ಗುಲು ಬದಲಿಸುತ್ತಾಳೆ, ಅವಳಿಗಿಂತ ಹೆಚ್ಚು ಸಬರ್ ನಮ್ಮಲ್ಲಿ ಯಾರಿಗಿದೆ? ವಾರಕ್ಕೊಂದು ದಿನ ಅವರ ಮನೆಗೆ ಊಟ ಕಳಿಸಿ. ಫಿಸಿಯೋಥೆರಪಿಗೆ ಹೋಗುವ ದಿನ ಆಟೋ ಇರುವ ಸಹೋದರ ಕರೆದುಕೊಂಡು ಹೋಗಲಿ. ಬಾಜಿಯೊಬ್ಬರು ಎರಡು ಗಂಟೆ ಮಗುವಿನ ಬಳಿ ಕೂತು ಆ ತಾಯಿಗೆ ನಿದ್ದೆ ಮಾಡಲು ಬಿಡಲಿ. ನೆಗಡಿ, ಕೆಮ್ಮು ಇರುವವರು ಮಾತ್ರ ಆ ಮನೆಗೆ ಹೋಗಬೇಡಿ. ನಮಗೆ ಸಣ್ಣದಾದ ನೆಗಡಿ ಆ ಮಗುವಿನ ಉಸಿರಿಗೆ ಅಪಾಯ. ಬಡವರೂ ಸಾಲದಲ್ಲಿ ಮುಳುಗಿದವರೂ ಝಕಾತ್‌ಗೆ ಹಕ್ಕುದಾರರು, ಅವರು ಕೈಚಾಚುವವರೆಗೆ ಕಾಯಬೇಡಿ. ದೊಡ್ಡ ಮೊತ್ತ ಸಂಗ್ರಹಿಸುವಾಗ ಕಾಗದಪತ್ರ ನೋಡಿ, ನೇರವಾಗಿ ಆಸ್ಪತ್ರೆಯ ಖಾತೆಗೆ ಕಟ್ಟಿ.

ಶಾದಿಗೆ, ಅಕೀಕಾಕ್ಕೆ ಆ ಮಗುವನ್ನೂ ಕರೆಯಿರಿ. ರೋಗಿಗಳೂ ಅಂಗವಿಕಲರೂ ಎಲ್ಲರೊಂದಿಗೆ ಕೂತು ಉಣ್ಣುವುದರಲ್ಲಿ ದೋಷವಿಲ್ಲ ಎಂದು ಸೂರಾ ನೂರ್ ತಿಳಿಸುತ್ತದೆ. ಅಂಧ ಸಂಗಾತಿ ಇಬ್ನು ಉಮ್ಮು ಮಕ್ತೂಮ್(ರ)ರ ವಿಷಯದಲ್ಲಿ ಅಲ್ಲಾಹನು ಸೂರಾ ಅಬಸದ ಆರಂಭದ ಆಯತುಗಳನ್ನೇ ಇಳಿಸಿದನು. ಅವರು ಮದೀನಾದ ಮುಅಝ್ಝಿನ್ ಆದರು. ಪ್ರವಾದಿ(ಸ)ರು ಪ್ರಯಾಣ ಹೊರಟಾಗ ಮದೀನಾದ ಹೊಣೆಯನ್ನೂ ಅವರಿಗೆ ವಹಿಸಿದ್ದುಂಟು. ನಮ್ಮ ಮಸೀದಿಯ ಬಾಗಿಲಿಗೆ ಗಾಲಿಕುರ್ಚಿ ಬಂದರೆ ಒಳಗೆ ಬರಲು ದಾರಿ ಇದೆಯೇ? ಕಮಿಟಿಯ ಹಿರಿಯರು ಈ ವಾರವೇ ಮೆಟ್ಟಿಲುಗಳನ್ನು ನೋಡಿ ಒಂದು ಇಳಿಜಾರು ಕಟ್ಟಿಸಬೇಕೆಂದು ಕೋರುತ್ತೇನೆ.

ಈ ಮಾತನ್ನು ಮನೆಯಲ್ಲಿರುವ ಹೆಂಗಸರಿಗೂ ಓದಿ ಹೇಳಿ, ಮುಖ್ಯವಾಗಿ ಅತ್ತೆಯಂದಿರಿಗೆ.

ಅಲ್ಲಾಹನು ಕಾಯಿಲೆಯ ಮಕ್ಕಳಿಗೆ ಶಿಫಾ ನೀಡಲಿ, ಅವರ ತಂದೆ-ತಾಯಿಯರಿಗೆ ಬಲ ನೀಡಲಿ, ಮಕ್ಕಳನ್ನು ಕಳೆದುಕೊಂಡವರಿಗೆ ಆ ಮಕ್ಕಳನ್ನು ಸ್ವರ್ಗದಲ್ಲಿ ಕೂಡಿಸಲಿ. ನಮ್ಮ ನಾಲಿಗೆಗಳಿಂದ ಅವರನ್ನು ಕಾಪಾಡಲಿ. ಆಮೀನ್.